ಇನ್ನು ಐದು ಶುಕ್ರವಾರ

ಶುಕ್ರವಾರ, ನವೆಂಬರ್ 8. ಬೆಳಿಗ್ಗೆ 5:50

ಇವತ್ತು ಹನ್ನೊಂದು ಮನೆ. ರಾಮೋತ್‌ನಲ್ಲಿ ಮೂರು, ಗಿವತ್ ಶಾವುಲ್‌ನಲ್ಲಿ ನಾಲ್ಕು, ಉಳಿದವು ಇಲ್ಲೇ ಕತಮೋನಿಮ್‌ನಲ್ಲಿ. ಎಲ್ಲರದೂ ಒಂದೇ ಗೋಳು — ಹೊತ್ತಿಗೆ ತಾನಾಗಿ ದೀಪ ಹಚ್ಚಿ ಆರಿಸುವ ಟೈಮರ್ ಕೆಟ್ಟಿದೆ, ಹಾಟ್‌ಪ್ಲೇಟ್ ಬಿಸಿಯಾಗುತ್ತಿಲ್ಲ, ಮೇನ್ ಟ್ರಿಪ್ ಆಗುತ್ತಿದೆ. ಭಾನುವಾರದಿಂದ ಗುರುವಾರದ ತನಕ ಯಾರಿಗೂ ನೆನಪಾಗುವುದಿಲ್ಲ. ಶುಕ್ರವಾರ ಬೆಳಕು ಹರಿದ ಕೂಡಲೇ ಇಡೀ ಜೆರುಸಲೇಮಿಗೆ ನೆನಪಾಗುತ್ತದೆ. ಸಂಜೆ ಸಬ್ಬತ್, ನಮ್ಮ ಯೆಹೂದ್ಯರ ವಾರದ ವಿಶ್ರಾಂತಿಯ ದಿನ, ಶುರು. ಆಮೇಲೆ ಸ್ವಿಚ್ ಮುಟ್ಟುವಂತಿಲ್ಲ, ಒಲೆ ಹಚ್ಚುವಂತಿಲ್ಲ. ನಾಳೆ ಮೂರು ನಕ್ಷತ್ರ ಕಾಣುವ ತನಕ ಉರಿಯುವುದು ಉರಿಯುತ್ತಿರಬೇಕು, ಆರಿದ್ದು ಆರಿರಬೇಕು. ಆಗ ಎಲ್ಲರಿಗೂ ಎಲೆಕ್ಟ್ರಿಷಿಯನ್ ನಹೂಮ್ ಬರಶಿ ಬೇಕು.

ಇಪ್ಪತ್ತಾರು ವರ್ಷ ಆಯಿತು. ಒಂದು ಮನೆಯೂ ನನ್ನಿಂದ ಕತ್ತಲಲ್ಲಿ ಕೂತಿಲ್ಲ. ಇದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಯಾಕೆಂದರೆ ಬೇರೆ ಯಾರೂ ಬರೆಯುವುದಿಲ್ಲ.

ಕಾಫಿ ತಂದುಕೊಟ್ಟವಳು ಎಮುನಾ. ನನ್ನ ಮಗಳು, ಇಪ್ಪತ್ತಮೂರು, ಶಿಶುವಿಹಾರದಲ್ಲಿ ಟೀಚರ್. ಡಿಸೆಂಬರ್ 10, ಮಂಗಳವಾರ ಮದುವೆ. ಹುಡುಗ ಅವಿಷಾಯ್, ಒಳ್ಳೆಯವನು, ಆದರೆ ಮನೆ ಕರ್ಮಿಯೇಲ್‌ನಲ್ಲಿ. ಉತ್ತರದ ಆ ತುದಿ.

"ಅಪ್ಪ, ಇನ್ನು ಐದು ಶುಕ್ರವಾರ" ಅಂದಳು.

"ಯಾವುದಕ್ಕೆ?"

"ನಾನು ಈ ಮನೇಲಿ ಇರೋದಕ್ಕೆ. ನನಗೆ ಫ್ರಿಜ್ ಬೇಡ, ಸೋಫಾ ಬೇಡ. ಐದು ಶುಕ್ರವಾರ ಊಟಕ್ಕೆ ಕೂರೋ ಮುಂಚೆ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡು. ಎದ್ದಿರಬೇಕು. ಅಷ್ಟೇ."

ಎರಡೂ ಕೈ ಮಗಳ ತಲೆಯ ಮೇಲೆ. ನಮ್ಮ ಮೂಲ ತಾಯಂದಿರಾದ ಸಾರಾ, ರೆಬೆಕ್ಕ, ರಾಹೇಲ್, ಲೇಯಾ ಇವರ ಹಾಗೆ ಬಾಳು ಅಂತ ಹೇಳುವುದು, ಆಮೇಲೆ ಕಾಪಾಡು ತಂದೆ ಅಂತ ಮೂರು ಸಾಲು. ಪ್ರತಿ ಮನೆಯಲ್ಲೂ ಪ್ರತಿ ತಂದೆಯೂ ಮಾಡುವಂಥದ್ದು. ಅರ್ಧ ನಿಮಿಷದ ಕೆಲಸ.

"ಇಷ್ಟೇನಾ?" ಅಂದೆ. "ಆಯ್ತು ಅಂದುಕೋ."

ವ್ಯಾನ್ ಸ್ಟಾರ್ಟ್ ಮಾಡಬೇಕು. ಹನ್ನೊಂದು ಮನೆ.


ಭಾನುವಾರ, ನವೆಂಬರ್ 10. ಬೆಳಿಗ್ಗೆ

ಹನ್ನೊಂದಲ್ಲ, ಹದಿಮೂರು ಮುಗಿಸಿದೆ.

ಗುಟ್ಟು ಬರೆದಿಡುತ್ತೇನೆ. ನಮ್ಮ ಊರಿನಲ್ಲಿ ಸೂರ್ಯ ಮುಳುಗುವುದಕ್ಕೆ ನಲವತ್ತು ನಿಮಿಷ ಮೊದಲೇ ಸೈರನ್ ಕೂಗುತ್ತದೆ. ಹೆಂಗಸರು ದೀಪ ಹಚ್ಚುತ್ತಾರೆ, ಮನೆಯೊಳಗೆ ಸಬ್ಬತ್ ಬಂದಾಯಿತು. ಗಂಡಸರಿಗೆ ಮುಳುಗುವ ತನಕ ಒಂದಿಷ್ಟು ಸಡಿಲ ಉಂಟು. ಸ್ನಾನಕ್ಕೆ, ಬಟ್ಟೆಗೆ, ಪ್ರಾರ್ಥನಾ ಮಂದಿರಕ್ಕೆ ನಡೆಯುವುದಕ್ಕೆ ಅಂತ ಕೊಟ್ಟ ಸಡಿಲ. ನಾನು ಅದರಲ್ಲಿ ಎರಡು ಮನೆ ಮುಗಿಸುತ್ತೇನೆ. ಈ ಊರಿನ ಯಾವ ಎಲೆಕ್ಟ್ರಿಷಿಯನ್‌ಗೂ ಈ ಧೈರ್ಯ ಇಲ್ಲ.

ಸೂರ್ಯ ಮುಳುಗಲು ಆರು ನಿಮಿಷ ಇದ್ದಾಗ ಮನೆಗೆ ಬಂದೆ. ತಲೆಗೆ ನೀರು ಹುಯ್ದುಕೊಂಡು ಬಿಳಿ ಅಂಗಿ ಹಾಕಿ ಪ್ರಾರ್ಥನೆಗೆ ಓಡಿದೆ. ವಾಪಸ್ ಬಂದೆ. ಮೇಜಿನ ಮೇಲೆ ಬಿಳಿ ಬಟ್ಟೆ, ಮುಚ್ಚಿಟ್ಟ ಎರಡು ರೊಟ್ಟಿ, ಹೆಂಡತಿ ಮಾರ್ಸೆಲ್ ಕೆಂಪು ಸಾರಿನ ಮೀನು ತರಲು ಒಳಗೆ ಹೋಗಿದ್ದಳು. ಸೋಫಾದ ಮೇಲೆ ಒಂದೇ ಒಂದು ನಿಮಿಷ ಕೂತೆ.

ಎಚ್ಚರವಾದಾಗ ಬೆಳಗಿನ ಜಾವ. ಕಾಲಲ್ಲಿ ಶೂ ಹಾಗೇ ಇತ್ತು, ಮೈಮೇಲೆ ಯಾರೋ ಕಂಬಳಿ ಹೊದಿಸಿದ್ದರು.

ಬೆಳಿಗ್ಗೆ ಮಾರ್ಸೆಲ್ ಹೇಳಿದಳು: "ದ್ರಾಕ್ಷಾರಸದ ಪ್ರಾರ್ಥನೆ ನಾನೇ ಹೇಳಿ ಊಟ ಹಾಕಿದೆ. ನೀನು ಗೊರಕೇಲೇ ಆಮೆನ್ ಅಂದೆ. ಚೆನ್ನಾಗಿತ್ತು."

ಎಮುನಾ ನಗಲಿಲ್ಲ. ನಾಲ್ಕು ಬೆರಳು ತೋರಿಸಿದಳು.


ಶುಕ್ರವಾರ, ನವೆಂಬರ್ 15. ಬೆಳಿಗ್ಗೆ 6:00

ಇವತ್ತು ಒಂಬತ್ತೇ ಮನೆ ಒಪ್ಪಿಕೊಂಡಿದ್ದೇನೆ. ಜೊತೆಗೆ ವೃದ್ಧಾಶ್ರಮದ ಲಿಫ್ಟ್. ಅದು ಸಬ್ಬತ್ತಿನ ಲಿಫ್ಟ್ — ಯಾರೂ ಗುಂಡಿ ಒತ್ತಬೇಕಿಲ್ಲ, ತಾನಾಗಿಯೇ ಪ್ರತಿ ಮಹಡಿಯಲ್ಲೂ ನಿಂತು ನಿಂತು ಹೋಗುತ್ತದೆ. ಮೂರು ವಾರದಿಂದ ನಾಲ್ಕನೇ ಮಹಡಿಯಲ್ಲಿ ಮುನಿಸಿಕೊಂಡು ನಿಲ್ಲುತ್ತಿದೆ. ದೋಷ ಎಲ್ಲಿ ಅಂತ ಸಿಗುತ್ತಿಲ್ಲ. ಅಲ್ಲಿನ ಮೇಲ್ವಿಚಾರಕ ಪಿನ್ಹಾಸ್ ಅಳುವುದೊಂದು ಬಾಕಿ.

ನಿದ್ದೆ ಬರದ ಹಾಗೆ ಮಧ್ಯಾಹ್ನ ಎರಡು ಕಾಫಿ ಕುಡಿಯುವುದು. ಮರೆಯಬಾರದು.


ಭಾನುವಾರ, ನವೆಂಬರ್ 17

ಎದ್ದಿದ್ದೆ! ಕಣ್ಣು ಬಿಟ್ಟುಕೊಂಡೇ ಇದ್ದೆ. ಅದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ.

ಎಮುನಾ ನೀಲಿ ಉಡುಪು ಹಾಕಿ ಮುಂದೆ ಬಂದು ನಿಂತಳು. ತಲೆ ಬಗ್ಗಿಸಿದಳು. ಎರಡೂ ಕೈ ಇಟ್ಟೆ. ಸಾರಾ ಅಂದೆ, ರೆಬೆಕ್ಕ ಅಂದೆ. ರಾಹೇಲ್ ಅನ್ನಬೇಕು, ಆ ಕ್ಷಣಕ್ಕೆ ತಲೆಯೊಳಗೆ ಝಗ್ ಅಂತ ಬೆಳಕಾಯಿತು.

"ಕಾಂಟ್ಯಾಕ್ಟರ್!" ಅಂದೆ. ಗಟ್ಟಿಯಾಗಿ.

ಲಿಫ್ಟಿನದು. ಮೂರು ವಾರದಿಂದ ಸಿಗದೇ ಇದ್ದದ್ದು. ಕಂಟ್ರೋಲ್ ಬೋರ್ಡು ಸರಿಯಾಗಿಯೇ ಇದೆ, ಮೋಟರಿಗೆ ಕರೆಂಟ್ ಕೊಟ್ಟು ಬಿಡಿಸುವ ಕಾಂಟ್ಯಾಕ್ಟರ್ ಅಂಟಿಕೊಳ್ಳುತ್ತಿದೆ.

ಮಾರ್ಸೆಲ್ ಕೈಯಲ್ಲಿದ್ದ ಬಟ್ಟಲು ಮೇಜಿನ ಮೇಲೆ ಇಟ್ಟಳು. ಸಬ್ಬತ್ತಿನಲ್ಲಿ ಕೆಲಸ ಮಾಡುವುದು ಹಾಗಿರಲಿ, ಕೆಲಸದ ಮಾತೂ ಆಡಬಾರದು. ಮಗಳ ತಲೆ ಮೇಲೆ ಕೈಯಿಟ್ಟುಕೊಂಡಂತೂ ಯಾರೂ ಆಡುವುದಿಲ್ಲ.

ಎಮುನಾ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಾಂಟ್ಯಾಕ್ಟರ್ ಹಾಗೆ ಬಾಳು ಅಂತ ಆಶೀರ್ವಾದ ಮಾಡಿದ್ಯಾ ಅಪ್ಪ?" ಅಂದಳು. ನಾನೂ ನಕ್ಕೆ. ಆಮೇಲೆ ಅವಳ ನಗು ನಿಂತಿತು. ನಿಂತದ್ದು ನನಗೆ ತಡವಾಗಿ ಗೊತ್ತಾಯಿತು. ನಾನಿನ್ನೂ ನಗುತ್ತಲೇ ಇದ್ದೆ.

"ಮೊದಲಿಂದ ಹೇಳ್ತೀನಿ ಬಾ" ಅಂದೆ.

"ಬೇಡ ಬಿಡು. ಮೀನು ಆರಿಹೋಗತ್ತೆ."

ಅರ್ಧ ಆಶೀರ್ವಾದಕ್ಕೆ ಅರ್ಧ ಲೆಕ್ಕ ಕೊಡು ಅಂದೆ. ಕೊಡಲಿಲ್ಲ. ಇನ್ನು ಮೂರು.

ಇವತ್ತು ಬೆಳಿಗ್ಗೆ ಲಿಫ್ಟಿಗೆ ಹೊಸ ಕಾಂಟ್ಯಾಕ್ಟರ್ ಹಾಕಿದೆ. ಈಗ ಎಲ್ಲ ಮಹಡಿಯಲ್ಲೂ ಒಳ್ಳೆ ಸೊಸೆಯ ಹಾಗೆ ನಿಂತು ಹೋಗುತ್ತದೆ. ಪಿನ್ಹಾಸ್ ಕೈ ಮುಗಿಯುವುದೊಂದು ಬಾಕಿ.


ಭಾನುವಾರ, ನವೆಂಬರ್ 24

ಶುಕ್ರವಾರ ಬರೆಯಲು ಆಗಲಿಲ್ಲ. ಏನಾಯಿತು ಅಂತ ಬರೆಯಲು ಮನಸ್ಸೂ ಇಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ರೆಜೀನಾ ಅಜ್ಜಿಯ ಫೋನು. ಎಂಬತ್ತೊಂದು ವರ್ಷ, ನಮ್ಮಿಂದ ನಾಲ್ಕು ಬೀದಿ ಆಚೆ, ಮೂರನೇ ಮಹಡಿ, ಒಬ್ಬಳೇ. ಟೈಮರ್ ಸುಟ್ಟುಹೋಗಿದೆ ಅಂದಳು. ವ್ಯಾನಿನಲ್ಲಿ ಒಂದೂ ಇಲ್ಲ, ಅಂಗಡಿ ತೆರೆದಿಲ್ಲ. ಏನು ಮಾಡಿದೆ? ನಮ್ಮ ಊಟದ ಕೋಣೆಯ ಟೈಮರ್ ಕಳಚಿಕೊಂಡು ಹೋಗಿ ಅಜ್ಜಿಗೆ ಹಾಕಿದೆ. ಮನೆಯ ವೈರಿನ ತುದಿಗೆ ಟೇಪ್ ಸುತ್ತಿ ಬಿಟ್ಟೆ. ಮಧ್ಯಾಹ್ನ ಹೊಸದು ಕೊಂಡು ಮೂರಕ್ಕೆ ಬಂದು ಹಾಕಿದರಾಯಿತು ಅಂದುಕೊಂಡೆ. ಅಜ್ಜಿ ನನ್ನ ಕೆನ್ನೆ ಹಿಂಡಿ ಹರಸಿದಳು. ಎದೆ ಉಬ್ಬಿಸಿಕೊಂಡು ಇಳಿದೆ.

ಮೂರಕ್ಕೆ ರಾಮೋತ್‌ನಲ್ಲಿದ್ದೆ. ಮೂರೂವರೆಗೂ ರಾಮೋತ್‌ನಲ್ಲಿದ್ದೆ. ಸೈರನ್ ಕೂಗಿದಾಗಲೂ ಅಲ್ಲೇ, ಯಾರದೋ ಅಡುಗೆಮನೆಯ ಸ್ಟೂಲಿನ ಮೇಲೆ. ಇನ್ನೂ ನಲವತ್ತು ನಿಮಿಷ ನನ್ನದು ಅಂದುಕೊಂಡೆ. ಇಳಿಜಾರಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ಮುಂದೆ ವಾಹನ, ಹಿಂದೆ ವಾಹನ. ಎದುರಿನ ಗುಡ್ಡದ ಮೇಲೆ ಸೂರ್ಯ, ಮೊದಲು ಪೂರ್ತಿ, ಆಮೇಲೆ ಅರ್ಧ, ಆಮೇಲೆ ಕೆಂಪು ಗೆರೆ.

ಗೆರೆ ಹೋಗುವ ಮೊದಲು ವ್ಯಾನ್ ಬದಿಗೆ ಹಾಕಿ ಎಂಜಿನ್ ಆರಿಸಿದೆ. ಫೋನು, ಪರ್ಸು, ಟೂಲ್ ಬ್ಯಾಗು ಎಲ್ಲ ಒಳಗೇ ಬಿಟ್ಟು ಇಳಿದು ನಡೆದೆ. ಇಪ್ಪತ್ತಾರು ವರ್ಷದಲ್ಲಿ ಮುಳುಗಿದ ಮೇಲೆ ಸ್ಟಿಯರಿಂಗ್ ಒಂದು ಸುತ್ತು ತಿರುಗಿಸಿದವನಲ್ಲ ನಾನು. ಆವತ್ತೂ ತಿರುಗಿಸಲಿಲ್ಲ. ಇದನ್ನು ಎಲ್ಲಿ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ.

ಎರಡೂ ಮುಕ್ಕಾಲು ಗಂಟೆ ನಡೆದೆ. ಮೈಮೇಲೆ ಗ್ರೀಸಿನ ಅಂಗಿ. ಎದುರಿಗೆ ಬಿಳಿ ಅಂಗಿಯ ಅಪ್ಪಂದಿರು, ಒಬ್ಬೊಬ್ಬರ ಕೈ ಹಿಡಿದು ಎರಡು ಮೂರು ಮಕ್ಕಳು, ಪ್ರಾರ್ಥನೆ ಮುಗಿಸಿ ಮನೆಗೆ ಹೋಗುತ್ತಿದ್ದರು. "ಸಬ್ಬತ್ ಶಾಂತಿ" ಅಂತ ನನಗೂ ಹೇಳಿದರು. ಹೇಳಿ ಅಂಗಿ ನೋಡಿದರು.

ಮನೆ ಕತ್ತಲು. ಊಟದ ಕೋಣೆಗೆ ಬೆಳಕೇ ಇಲ್ಲ. ಟೈಮರ್ ನಾನೇ ಒಯ್ದಿದ್ದೆನಲ್ಲ. ಮಾರ್ಸೆಲ್ ಹಚ್ಚಿದ ದೀಪಗಳ ಬತ್ತಿ ಆಗಷ್ಟೇ ಆರಿ ಎಣ್ಣೆಯ ವಾಸನೆ ಬರುತ್ತಿತ್ತು. ಮೆಟ್ಟಿಲಿನ ದೀಪದ ಬೆಳಕು ಬಾಗಿಲಿಂದ ಒಂದಿಷ್ಟು. ಆ ಬೆಳಕಿನಲ್ಲಿ ಎಮುನಾ ಮೇಜಿಗೆ ತಲೆ ಇಟ್ಟು ನಿದ್ದೆ ಹೋಗಿದ್ದಳು. ನೀಲಿ ಉಡುಪು. ತಟ್ಟೆ ಖಾಲಿ. ಕಾದಿದ್ದಳು.

"ಎಬ್ಬಿಸಬೇಡ" ಅಂದಳು ಮಾರ್ಸೆಲ್. "ಮೂವತ್ತು ಮಕ್ಕಳನ್ನ ನೋಡ್ಕೊಂಡು ಬಂದಿದಾಳೆ."

ಮೆಲ್ಲಗೆ ಎರಡೂ ಕೈ ಅವಳ ತಲೆ ಮೇಲೆ ಇಟ್ಟೆ. ಪೂರ್ತಿ ಹೇಳಿದೆ. ನಾಲ್ಕು ಹೆಸರು, ಮೂರು ಸಾಲು, ಒಂದೂ ಬಿಡದೆ.

ಶನಿವಾರ ಬೆಳಿಗ್ಗೆ ಎಮುನಾಳಿಗೆ ಹೇಳಿದೆ. "ನಿದ್ದೇಲಿ ಇಟ್ಟಿದ್ದು ಲೆಕ್ಕಕ್ಕಿಲ್ಲ ಅಪ್ಪ. ಎದ್ದಿರಬೇಕು ಅಂತ ನಿನಗೆ ಹೇಳಿದ್ದೆ. ನನಗೂ ಅದೇ ನಿಯಮ" ಅಂದಳು.

ಮಾರ್ಸೆಲ್ ಇಡೀ ದಿನ ಮುಖ ಗಂಟು ಹಾಕಿಕೊಂಡಿದ್ದಳು. ಸಂಜೆ ಬಾಲ್ಕನಿಯಲ್ಲಿ ನಿಂತು ಒಂದೇ ಮಾತು: "ನೀನು ಸಬ್ಬತ್ ಕಾಯ್ತೀಯ ನಹೂಮ್, ಇಲ್ಲ ಅನ್ನಲ್ಲ. ವಾಚ್‌ಮನ್ ತರ ಕಾಯ್ತೀಯ, ಗೇಟ್ ಹೊರಗೆ ನಿಂತ್ಕೊಂಡು. ಒಳಗೆ ಬಂದು ಒಂದಿನಾನೂ ಕೂತಿಲ್ಲ."

ಇನ್ನು ಎರಡು.


ಬುಧವಾರ, ನವೆಂಬರ್ 27

ಶಿಶುವಿಹಾರಕ್ಕೆ ರಜೆ ಹಾಕಿ ಎಮುನಾ ನನ್ನ ಜೊತೆ ವ್ಯಾನಿನಲ್ಲಿ ಬಂದಳು. ಮದುವೆ ಛತ್ರದವರ ಹತ್ತಿರ ಮಾತಾಡುವುದಿತ್ತು. ದಾರಿಯಲ್ಲಿ ಬಯಿತ್ ವೆಗಾನ್‌ನಲ್ಲಿ ಒಂದು ಮನೆ. ಅರ್ಧ ಮನೆಯ ದೀಪ ಮಿಣಮಿಣ ಅನ್ನುತ್ತಿತ್ತು. ನಾನು ಬೋರ್ಡು ಬಿಚ್ಚಿ, ಒಂದೊಂದೇ ಬ್ರೇಕರ್ ನೋಡುತ್ತಾ ಹದಿನೈದು ನಿಮಿಷ ನಿಂತೆ. ಇವಳು ಹಿಂದೆ ಕೈಕಟ್ಟಿ ನಿಂತಿದ್ದವಳು, "ಅಪ್ಪ, ನ್ಯೂಟ್ರಲ್ ಸಡಿಲ ಇದೆ. ಮೇಲಿಂದ ಎರಡನೇದು. ನೋಡು, ಕಪ್ಪಾಗಿದೆ" ಅಂದಳು.

ಹೌದು, ಎರಡನೆಯದು.

ಮನೆಯಾಕೆ ಬೆರಗಾಗಿ ನೋಡಿದಳು. "ನನ್ನ ಮಗಳು" ಅಂದೆ. ಇನ್ನೊಮ್ಮೆ ಅಂದೆ. ಒಂಬತ್ತನೇ ವಯಸ್ಸಿಗೇ ಟೆಸ್ಟರ್ ಹಿಡಿದುಕೊಂಡು ನನ್ನ ಹಿಂದೆ ಮನೆ ಮನೆ ಸುತ್ತಿದವಳು. ಯಾವ ವೈರು ಯಾಕೆ ಕೆಂಪು ಅಂತ ಕೇಳಿ ಕೇಳಿ ತಲೆ ತಿಂದವಳು. ಮಕ್ಕಳಿಗೆ ಹಾಡು ಕಲಿಸಲು ಹೋದಳು, ಇರಲಿ. ಈ ಊರಿಗೆ ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ತಪ್ಪಿಹೋದ.

ವಾಪಸ್ ಬರುವಾಗ ಕೇಳಿದೆ. "ಅಷ್ಟು ಯಾಕೆ ಹಟ, ಆ ಆಶೀರ್ವಾದಕ್ಕೆ? ಮದುವೆ ದಿನ ಮಂಟಪದಲ್ಲಿ ಕೈ ಇಡ್ತೀನಲ್ಲ."

"ಆರನೇ ಕ್ಲಾಸ್ ತನಕ ನೀನು ಪ್ರತಿ ವಾರ ಇಡ್ತಿದ್ದೆ ಅಪ್ಪ. ಆಮೇಲೆ ನಿಂತೋಯ್ತು. ನಾನೇನೋ ತಪ್ಪು ಮಾಡಿದೀನಿ ಅಂದ್ಕೊಂಡಿದ್ದೆ. ಎರಡು ವರ್ಷ ಯೋಚನೆ ಮಾಡಿದೆ, ಏನು ತಪ್ಪು ಅಂತ. ಅಮ್ಮನನ್ನೂ ಕೇಳಲಿಲ್ಲ."

ಆರನೇ ಕ್ಲಾಸು. ಆಗಲೇ ನಾನು ಎರಡನೇ ವ್ಯಾನ್ ತೆಗೆದುಕೊಂಡದ್ದು, ರಾಮೋತ್ ಕಡೆಯ ಕೆಲಸ ಹಿಡಿದದ್ದು. ಊರೆಲ್ಲ ನನ್ನ ಹೆಸರು ಹೇಳತೊಡಗಿದ್ದು.

ಏನು ಹೇಳಬೇಕಿತ್ತು? ನಿನ್ನ ತಪ್ಪೇನಿಲ್ಲ ಅನ್ನಬೇಕಿತ್ತು. ಬಾಯಿ ತೆರೆದೆ, ಫೋನ್ ಬಂತು. ಪಿನ್ಹಾಸ್. ಲಿಫ್ಟಿನ ಬಾಗಿಲು. ಅವಳು ಶುಕ್ರವಾರದ ಬಗ್ಗೆ ಏನೋ ಹೇಳುತ್ತಿದ್ದಳು. ಸರಿ ಸರಿ ಅಂದೆ.


ಭಾನುವಾರ, ಡಿಸೆಂಬರ್ 1

ಬರೆಯಬೇಕಾದದ್ದು ಇಷ್ಟು: ಶುಕ್ರವಾರ ಐದು ಮನೆ ಬಿಟ್ಟುಕೊಟ್ಟು ಮಧ್ಯಾಹ್ನ ಎರಡೂವರೆಗೆ ಮನೆಗೆ ಬಂದೆ. ಹೂ ತಂದೆ. ಮೆಟ್ಟಿಲು ಹತ್ತುವಾಗ ಶಿಳ್ಳೆ ಹಾಕಿದೆ.

ಎಮುನಾ ಮನೆಯಲ್ಲಿ ಇರಲಿಲ್ಲ.

"ಕರ್ಮಿಯೇಲ್‌ಗೆ ಹೋದಳಲ್ಲ" ಅಂದಳು ಮಾರ್ಸೆಲ್. "ಅವಿಷಾಯ್ ಅಜ್ಜಿ ಕರೆದಿದ್ರು. ಆಕೆಗೆ ಹುಷಾರಿಲ್ಲ, ಮದುವೆಗೆ ಬರೋಕಾಗಲ್ಲ. ಸಬ್ಬತ್ ಅಲ್ಲೇ ಕಳೀತಾಳೆ. ನಿನಗೆ ವ್ಯಾನಲ್ಲಿ ಹೇಳಿದಳಂತೆ."

"ನನಗೆ ಹೇಳಿಲ್ಲ."

"ಹೇಳಿದಾಳೆ. ನೀನು ಫೋನಲ್ಲಿದ್ದೆ."

ಹೂವನ್ನು ಮಾರ್ಸೆಲ್ ಕೈಗೆ ಕೊಟ್ಟೆ. ನಿನಗೇ ತಂದದ್ದು ಅಂದೆ. ನಂಬಲಿಲ್ಲ, ಆದರೂ ತೆಗೆದುಕೊಂಡಳು.

ಸೈರನ್ ಆಗಲು ಇನ್ನೂ ಒಂದೂಕಾಲು ಗಂಟೆ. ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಕೈ ಸುಮ್ಮನಿರಲಿಲ್ಲ. ಕುಕ್ಕರಿನ ಹಿಡಿ ಬಿಗಿ ಮಾಡಿದೆ. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟೆ. ಮಾರ್ಸೆಲ್ ಟೂಲ್ ಬ್ಯಾಗು ಕಸಿದುಕೊಂಡು ಮಂಚದ ಕೆಳಗೆ ತಳ್ಳಿ, ಬಾಲ್ಕನಿಯಲ್ಲಿ ಕೂರಿಸಿ, ಸೂರ್ಯಕಾಂತಿ ಬೀಜದ ಬಟ್ಟಲು ಮುಂದೆ ಇಟ್ಟಳು. ಕೂತೆ. ಬೀಜ ಒಡೆದೆ. ಬೀದಿ ಖಾಲಿಯಾಗುತ್ತಾ ಬಂತು. ಕೊನೆಯ ಬಸ್ಸು ಹೋಯಿತು. ಎದುರು ಮನೆಯವರು ಒಗೆದ ಬಟ್ಟೆ ಒಳಗೆ ತೆಗೆದುಕೊಂಡರು. ಎಲ್ಲರ ಅಡುಗೆಮನೆಯಿಂದಲೂ ಒಂದೇ ಹೊತ್ತಿಗೆ ವಾಸನೆ. ನಾನು ಈ ಬೀದಿಯನ್ನು ಈ ಹೊತ್ತಿನಲ್ಲಿ ನೋಡಿ ಎಷ್ಟು ವರ್ಷವಾಗಿತ್ತೋ.

ಮಾರ್ಸೆಲ್ ದೀಪ ಹಚ್ಚಿ ಕಣ್ಣು ಮುಚ್ಚಿಕೊಂಡು ನಿಂತಳು. ತುಂಬ ಹೊತ್ತು ನಿಲ್ಲುತ್ತಾಳೆ ಅಂತ ಗೊತ್ತಿರಲಿಲ್ಲ. ಯಾರ್ಯಾರಿಗೋಸ್ಕರ ಬೇಡಿಕೊಳ್ಳುತ್ತೀಯ ಅಂದೆ. "ಮೊದಲು ನೀನು ಯಾರ ಮನೆ ಸ್ಟೂಲಿಂದಲೂ ಬೀಳದೆ ಬರೋ ಹಾಗಾಗಲಿ ಅಂತ. ಇಪ್ಪತ್ತಾರು ವರ್ಷದ ರೂಢಿ. ಇವತ್ತೂ ಬಾಯಿಗೆ ಅದೇ ಬಂತು."

ರಾತ್ರಿ ಊಟದಲ್ಲಿ ನಿದ್ದೆ ಹೋಗಲಿಲ್ಲ. ಇಬ್ಬರೇ ಕೂತು ಹಳೆಯ ಕಥೆ ಹೇಳಿಕೊಂಡು ನಕ್ಕೆವು. ಶನಿವಾರ ಮಧ್ಯಾಹ್ನ ಮಲಗಿ ಎದ್ದಾಗ ಮೈ ಹಗುರ. ಒಳಗೆ ಬಂದು ಕೂತರೆ ಹೀಗಿರುತ್ತದೆ ಅನ್ನಿಸಿತು. ಆದರೆ ಮೇಜಿನ ಮೂರನೇ ಕುರ್ಚಿ ಖಾಲಿ ಇತ್ತು, ಅದನ್ನು ನೋಡದೆ ಇರಲು ಆಗಲಿಲ್ಲ. ಇನ್ನು ಕೆಲವು ದಿನ ಕಳೆದರೆ ಅದು ಯಾವಾಗಲೂ ಖಾಲಿ.

ಒಂದೇ ಉಳಿದಿದೆ.


ಬುಧವಾರ, ಡಿಸೆಂಬರ್ 4

ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಈ ಶುಕ್ರವಾರ ಹನ್ನೆರಡು ಗಂಟೆಗೆ ಬಂದ್. ಆಮೇಲೆ ಯಾರೇ ಕರೆದರೂ ಇಲ್ಲ.

"ನಹೂಮ್, ಮೈಗೆ ಹುಷಾರಿದೆಯಾ?" ಅಂದ ಪಿನ್ಹಾಸ್. "ಲಿಫ್ಟ್ ಮತ್ತೆ ಕೆಟ್ಟರೆ?"

"ಬೇರೆಯವರನ್ನ ಕರಿ."

"ನಿನ್ನಂಥವರು ಬೇರೆ ಯಾರಿದಾರೆ ಮಾರಾಯ?"

ಹಾಗಂದನಲ್ಲ ಅಂತ ಖುಷಿಯಾಯಿತು.


ಗುರುವಾರ, ಡಿಸೆಂಬರ್ 5. ಸಂಜೆ

ಲಿಫ್ಟ್ ನಿನ್ನೆಯೇ ಕೆಟ್ಟಿತಂತೆ. ಪಿನ್ಹಾಸ್ ನನಗೆ ಫೋನೇ ಮಾಡಲಿಲ್ಲ. ತಲ್ಪಿಯೋತ್ ಕಡೆಯ ಯಾವನೋ ಬಂದು ಸರಿ ಮಾಡಿದ. ತಾಳಲಾರದೆ ಹೋಗಿ ನೋಡಿದೆ. ಬೋರ್ಡಿನ ಮುಚ್ಚಳ ತೆಗೆದು ಪ್ರತಿ ಸ್ಕ್ರೂ ನೋಡಿದೆ. ಸರಿಯಾಗಿಯೇ ಮಾಡಿದ್ದಾನೆ. ವೈರುಗಳನ್ನು ನನಗಿಂತ ನೀಟಾಗಿ ಕಟ್ಟಿದ್ದಾನೆ. ಹೊಟ್ಟೆ ಉರಿಯಿತು. ಸುಳ್ಳೇಕೆ ಬರೆಯಲಿ.

ಮನೆಯಲ್ಲಿ ಇವತ್ತು ಎಮುನಾಳಿಗೆ ಮದರಂಗಿ. ಹೆಂಗಸರ ಗದ್ದಲ, ತಾಳ, ಕೇಕೆ. ನನ್ನ ಅಂಗೈಗೂ ಒಂದು ಬೊಟ್ಟು ಮೆತ್ತಿದರು. ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಮಗಳನ್ನೇ ನೋಡುತ್ತಾ ಕೂತೆ. ಚಿನ್ನದ ಜರಿಯ ಉದ್ದನೆ ಉಡುಪು, ತಲೆಯ ಮೇಲೆ ಮಾರ್ಸೆಲ್‌ಳ ಅಜ್ಜಿಯ ಕಿರೀಟ. ಯಾರ ಮಗಳು ಅಂತ ಯಾರೂ ಕೇಳಬೇಕಾಗಿರಲಿಲ್ಲ, ಆದರೂ ನಾನು ಮೂರು ಜನಕ್ಕೆ ಹೇಳಿದೆ.


ಶುಕ್ರವಾರ, ಡಿಸೆಂಬರ್ 6. ಮಧ್ಯಾಹ್ನ 12:30

ಬಂದೆ. ಫೋನ್ ಆರಿಸಿ ಡ್ರಾಯರಿನಲ್ಲಿಟ್ಟೆ. ಸ್ನಾನ ಆಯಿತು. ಬಿಳಿ ಅಂಗಿ ಆಯಿತು. ಎಮುನಾ ಅಡುಗೆಮನೆಯಲ್ಲಿ ಅಮ್ಮನ ಜೊತೆ ಮೀನು ಕತ್ತರಿಸುತ್ತಾ ಇದ್ದಾಳೆ. ಇಣುಕಿ ನೋಡಿ ಬಂದೆ. ಮತ್ತೆ ಹೋಗಿ ನೋಡಿದೆ. "ಏನಪ್ಪ, ಓಡಿ ಹೋಗಲ್ಲ ನಾನು" ಅಂದಳು.


2:45

ಮಾರ್ಸೆಲ್‌ಳ ಫೋನಿಗೆ ಬಂತು. ರೆಜೀನಾ ಅಜ್ಜಿ. ಅಳುತ್ತಿದ್ದಳು. ಹಾಟ್‌ಪ್ಲೇಟ್ ಹಾಕಿದ ಕೂಡಲೇ ಮೇನ್ ಹೋಗುತ್ತದೆ. ಹೈಫಾದಿಂದ ಮೊಮ್ಮಕ್ಕಳು ಎಂಟು ಜನ ಬಂದಿದ್ದಾರೆ. ದೊಡ್ಡ ಪಾತ್ರೆಯ ಅಡುಗೆ ರಾತ್ರಿಯಿಡೀ ಬಿಸಿಯ ಮೇಲೆ ಇರಬೇಕು. ಬೇರೆ ಯಾರಿಗೆ ಫೋನ್ ಮಾಡಿದರೂ ಎತ್ತುತ್ತಿಲ್ಲ.

ಎದ್ದೆ. ನಿಜ ಹೇಳುತ್ತೇನೆ, ಕಾಲು ತಾನಾಗಿ ಎದ್ದಿತು. ಮಂಚದ ಕೆಳಗಿನಿಂದ ಬ್ಯಾಗು ಎಳೆದೂ ಆಗಿತ್ತು. ಆಮೇಲೆ ಎಮುನಾ ಬಾಗಿಲಲ್ಲಿ ನಿಂತಿರುವುದು ಕಂಡಿತು. ಹೋಗಬೇಡ ಅನ್ನಲಿಲ್ಲ.

ಬ್ಯಾಗು ಕೆಳಗಿಟ್ಟೆ. "ಆಗಲ್ಲ ಅಂತ ಹೇಳು ಮಾರ್ಸೆಲ್" ಅಂದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಮಾತು.

"ಆಗತ್ತೆ ಅಂತ ಹೇಳಮ್ಮ" ಅಂದಳು ಎಮುನಾ. ಬಂದು ಬ್ಯಾಗು ಹೆಗಲಿಗೇರಿಸಿದಳು. "ನಾನು ಹೋಗ್ತೀನಿ. ನೀನು ಕೂತ್ಕೋ. ಅಪ್ಪ ಮನೇಲಿ ಕಾಯ್ತಿದ್ರೆ ಹೊರಗಿಂದ ಬರೋದು ಹೇಗಿರತ್ತೆ ನೋಡೋಣ."

ಮಾರ್ಸೆಲ್ ಕೂಗಾಡಿದಳು. "ನಾಲ್ಕು ದಿನಕ್ಕೆ ಮದುವೆ! ಮದುವಣಗಿತ್ತಿ ಒಬ್ಬಳೇ ಬೀದಿಗೆ ಇಳಿಯೋ ಹಾಗಿಲ್ಲ, ಶಾಸ್ತ್ರ ಗೊತ್ತಿಲ್ವಾ? ಕೈ ತುಂಬ ಮದರಂಗಿ ಇಟ್ಕೊಂಡು ಕರೆಂಟ್ ಮುಟ್ತಾಳಂತೆ!"

"ಹಾಗಾದ್ರೆ ನೀನೂ ಬಾ, ಜೊತೆಗೆ."

ಹೋದರು. ಇಬ್ಬರೂ. ಏಪ್ರನ್ ಬಿಚ್ಚಿ ನನ್ನ ಕೈಗೆ ಎಸೆದು ಹೋದಳು ಮಾರ್ಸೆಲ್. "ಮೀನು ಉರಿ ಸಣ್ಣ ಮಾಡು. ಅನ್ನ ನೋಡು. ಮುಟ್ಟಿ ಹಾಳು ಮಾಡಬೇಡ."


3:25

ಮೀನು ಇಳಿಸಿದೆ. ಅನ್ನ ಸ್ವಲ್ಪ ತಳ ಹತ್ತಿತು. ಮೇಜಿಗೆ ಬಿಳಿ ಬಟ್ಟೆ ಹಾಸಿದೆ. ಮೂರು ಕುರ್ಚಿ. ದೀಪದ ಬಟ್ಟಲಿಗೆ ಎಣ್ಣೆ ಹುಯ್ದು ಬತ್ತಿ ಇಟ್ಟೆ. ಒಂದು ಬತ್ತಿ ಎಣ್ಣೆಯಲ್ಲಿ ಮುಳುಗಿತು, ತೆಗೆದು ಮತ್ತೆ ಇಟ್ಟೆ. ಇಷ್ಟು ಕೆಲಸ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಡ್ರಾಯರಿನಿಂದ ಫೋನ್ ತೆಗೆದು ಆನ್ ಮಾಡಿದೆ. ಎಮುನಾಳೇ ಮಾಡಿದಳು.

"ಅಪ್ಪ, ಹಾಟ್‌ಪ್ಲೇಟ್‌ದಲ್ಲ ತಪ್ಪು. ಗೋಡೆ ಸಾಕೆಟ್ ಒಳಗೆ ಸುಟ್ಟಿದೆ."

"ಹದಿನಾರು ಆಂಪ್‌ದು ಬ್ಯಾಗಲ್ಲಿ, ಎಡಗಡೆ ಮೂರನೇ —"

"ಸಿಕ್ತು. ಹಾಕ್ತಾ ಇದೀನಿ. ಅಮ್ಮ ಟಾರ್ಚ್ ಹಿಡ್ಕೊಂಡು ಬೈತಾ ಇದಾಳೆ."

ಹಿಂದಿನಿಂದ ಮಾರ್ಸೆಲ್ ಬೈಯುವುದು, ಅಜ್ಜಿ ಹರಸುವುದು ಎರಡೂ ಕೇಳಿತು. ಮೇನ್ ಆಫ್ ಮಾಡಿದೀಯಾ ಅಂತ ಕೇಳುವಷ್ಟರಲ್ಲಿ ಇಟ್ಟಳು. ಮಾಡಿರುತ್ತಾಳೆ. ನಾನು ಕಲಿಸಿದವಳು.

ನನ್ನ ಮಗಳು ಅಂತ ಖಾಲಿ ಮನೆಗೆ ಗಟ್ಟಿಯಾಗಿ ಹೇಳಿದೆ.


3:55

ಸೈರನ್.

ಬಂದಿಲ್ಲ.

ಬಾಲ್ಕನಿಗೆ ಹೋದೆ, ಬಂದೆ. ಬೀದಿ ಖಾಲಿ. ಎದುರು ಮನೆಯ ಕಿಟಕಿಯಲ್ಲಿ ದೀಪ ಹಚ್ಚಿಯಾಯಿತು. ಪಕ್ಕದಲ್ಲೂ ಆಯಿತು. ಮಾರ್ಸೆಲ್ ಒಂದು ವಾರವೂ ಸೈರನ್ ದಾಟಿಸಿದವಳಲ್ಲ. ನನ್ನಿಂದಾಗಿ ಇವತ್ತು ದಾಟಿತು. ಫೋನ್ ಮಾಡಿದೆ, ಎತ್ತುತ್ತಿಲ್ಲ. ಹೊರಟಿರಬೇಕು. ಇಲ್ಲ ಎಮುನಾ ಇನ್ನೂ ಸ್ಟೂಲಿನ ಮೇಲಿದ್ದಾಳೋ? ಆ ಅಜ್ಜಿಯ ಸ್ಟೂಲಿನ ಒಂದು ಕಾಲು ಗಿಡ್ಡ, ನನಗೆ ಗೊತ್ತು. ಹೇಳಲಿಲ್ಲ.

ಇಪ್ಪತ್ತಾರು ವರ್ಷ ಮಾರ್ಸೆಲ್ ಹೀಗೆ ನಿಂತಿದ್ದಾಳೆ. ಹನ್ನೆರಡು ವರ್ಷ ಎಮುನಾ ಇಲ್ಲಿ ನಿಂತಿದ್ದಾಳೆ, ಅದರಲ್ಲಿ ಎರಡು ವರ್ಷ ತಾನೇನು ತಪ್ಪು ಮಾಡಿದೆ ಅಂತ ಯೋಚಿಸುತ್ತಾ. ನಾನು ಇಪ್ಪತ್ತು ನಿಮಿಷದಲ್ಲೇ ಏಳು ಸಲ ಬಾಲ್ಕನಿಗೆ ಹೋಗಿ ಬಂದೆ. ನಾಚಿಕೆಯಾಗುತ್ತಿದೆ. ಬಂದ ಕೂಡಲೇ ಹೇಳಬೇಕು — ತಪ್ಪು ನಿನ್ನದಲ್ಲ, ಒಂದು ದಿನವೂ ನಿನ್ನದಲ್ಲ.


4:24

ಬೀದಿಯ ತಿರುವಿನಲ್ಲಿ ಕಂಡರು! ಮಾರ್ಸೆಲ್ ಎರಡೂ ಕೈ ಬೀಸಿ ಬೈಯುತ್ತಾ ಬರುತ್ತಿದ್ದಾಳೆ. ಎಮುನಾ ಹೆಗಲಿಗೆ ನನ್ನ ಬ್ಯಾಗು, ತಲೆಯಲ್ಲಿ ಗೋಡೆಯ ಸುಣ್ಣ, ನಗುತ್ತಿದ್ದಾಳೆ. ಟೆಸ್ಟರನ್ನು ನನ್ನ ಹಾಗೆಯೇ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಾಳೆ. ಮೇಲೆ ನೋಡಿದಳು, ಬಾಲ್ಕನಿಯಲ್ಲಿ ನನ್ನನ್ನು ಕಂಡಳು. ನಿಂತುಬಿಟ್ಟಳು. ಆಮೇಲೆ ಓಡಿದಳು.

ಪ್ರಾರ್ಥನೆ ಮುಗಿಸಿ ಬರುವ ತನಕ ಕಾಯುವುದಿಲ್ಲ. ಬಾಗಿಲಲ್ಲೇ ಇಡುತ್ತೇನೆ ಕೈ, ಸುಣ್ಣದ ತಲೆಯ ಮೇಲೇ.

ಮೆಟ್ಟಿಲ ಮೇಲೆ ಹೆಜ್ಜೆ. ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಾಳೆ. ಸೂರ್ಯ ಇನ್ನೂ ಇದ್ದಾನೆ. ಹನ್ನೊಂದು ನಿಮಿಷ ಇದೆ. ಹನ್ನೊಂದು ನಿಮಿಷ ಇದ್ದರೆ ನಾನು ಇನ್ನೊಂದು ಮನೆ ಮುಗಿಸುತ್ತಿದ್ದೆ. ಇವತ್ತು ಈ ಸಾಲನ್ನೂ ಮುಗಿ—